ತಾರೀಖಿನ ವರ್ಷನ್ ಬಿಟ್ಟು ಅಪ್‌ಸ್ಟ್ರೀಮ್‌ನವರು 1.0.0 ಅಂತ ಶುರು ಮಾಡಿದಾರೆ, ಎಪಾಕ್ ಹಾಕ್ಲಾ ಬೇಡ್ವಾ?

@ಲಾಗ್‌ಓದುಗ
ಎಲ್ರಿಗೂ ನಮಸ್ಕಾರ. ಒಂದು ಸಣ್ಣ ಲಾಗ್ ಓದೋ ಟೂಲ್‌ನ ಡೆಬಿಯನ್ (ಲಿನಕ್ಸ್‌ನ ಒಂದು ರೂಪ) ಪ್ಯಾಕೇಜನ್ನ ಎರಡು ವರ್ಷದಿಂದ ನಾನೇ ನೋಡ್ಕೊಳ್ತಾ ಇದೀನಿ, ನಮ್ಮದೇ ಒಂದು ರೆಪೊ (ಪ್ಯಾಕೇಜ್‌ಗಳನ್ನ ಇಟ್ಟಿರೋ ಜಾಗ) ಇದೆ, ಅದರಿಂದ ಸುಮಾರು ಜನ ಇನ್‌ಸ್ಟಾಲ್ ಮಾಡ್ಕೊಂಡಿದಾರೆ. ಶುರುವಲ್ಲಿ ಅಪ್‌ಸ್ಟ್ರೀಮ್ ಡೆವಲಪರ್ (ಟೂಲನ್ನ ಮೂಲದಲ್ಲಿ ಬರೆಯೋವ್ರು) ಯಾವ ವರ್ಷನ್ ಟ್ಯಾಗೂ ಹಾಕ್ತಿರ್ಲಿಲ್ಲ, ಟಾರ್‌ಬಾಲ್ (ಕೋಡಿನ ಕಟ್ಟು) ಹೆಸರಲ್ಲಿ ಬರೀ ತಾರೀಖು ಇರ್ತಿತ್ತು, ನಾನೂ ಅದನ್ನೇ ಎತ್ಕೊಂಡು 20230815-1 (ಕೊನೇ -1 ನಮ್ಮ ಪ್ಯಾಕೇಜ್ ರಿವಿಷನ್) ಅಂತ ವರ್ಷನ್ ಕೊಟ್ಟೆ, ಆಮೇಲೆ 20231102-1, ಹೀಗೇ ನಡೀತು. ಈಗ ಅವರು ಸೆಮ್‌ವರ್ ಪದ್ಧತಿಗೆ (ಚುಕ್ಕಿ ಇಟ್ಟು ಮೂರು ಸಂಖ್ಯೆ ಬರೆಯೋದು) ಬಂದು 1.0.0 ಅಂತ ರಿಲೀಸ್ ಮಾಡಿದಾರೆ. ನಾನು ಖುಷಿಯಾಗಿ 1.0.0-1 ಬಿಲ್ಡ್ ಮಾಡಿ ರೆಪೊಗೆ ಹಾಕಿದೆ, ಬಿಲ್ಡಲ್ಲಿ ಒಂದು ವಾರ್ನಿಂಗೂ ಬರ್ಲಿಲ್ಲ. ಮೂರು ವಾರ ಆದ್ಮೇಲೆ ಒಬ್ರು ಬಗ್ ರಿಪೋರ್ಟ್ ಹಾಕಿದ್ರು, ನೋಡಿದ್ರೆ ಅದು 1.0.0ದಲ್ಲಿ ಸರಿಹೋಗಿರೋ ಬಗ್‌ನೇ, ಅವರ ಮಷೀನಲ್ಲಿ ಇನ್ನೂ ಹಳೇದೇ ಇದೆ. ಆಪ್ಟ್ (ಪ್ಯಾಕೇಜ್ ಇಳಿಸಿ ಹಾಕೋ ಕಮಾಂಡ್) ಅಪ್‌ಗ್ರೇಡ್ ಹೊಡೆದ್ರೆ ಸೊನ್ನೆ ಪ್ಯಾಕೇಜ್ ಅಂತ ಬರ್ತಿದೆ. ರೆಪೊದಲ್ಲಿ ಎರಡೂ ಡೆಬ್ ಫೈಲ್ ಪಕ್ಕಪಕ್ಕ ಕೂತಿವೆ, ಆಪ್ಟ್ ಮಾತ್ರ 20231102ನೇ ಹೊಸದು ಅಂತ ತಿಳ್ಕೊಂಡಿದೆ. ಈಗ ಎಪಾಕ್ (ವರ್ಷನ್ ಮುಂದೆ ಕೋಲನ್ ಹಾಕಿ ಬರೆಯೋ, ಎಲ್ಲಕ್ಕಿಂತ ಮೊದಲು ಹೋಲಿಸೋ ನಂಬರ್) ಹಾಕಿ 1:1.0.0-1 ಮಾಡ್ಬೇಕಾ ಅಥವಾ ಬೇರೆ ದಾರಿ ಇದೆಯಾ? ಎಪಾಕ್ ಒಂದ್ಸಲ ಹಾಕಿದ್ರೆ ತೆಗೆಯಕ್ಕಾಗಲ್ಲ ಅಂತ ಓದಿದೀನಿ, ಅದಕ್ಕೇ ಹೆದರಿಕೆ. ಮೂರು ವಾರ ಜನ ಹಳೇ ಬಗ್ ಇಟ್ಕೊಂಡೇ ಕೆಲಸ ಮಾಡಿದ್ರಲ್ಲಾ ಅಂತ ನಿಜವಾಗ್ಲೂ ಬೇಜಾರಾಗ್ತಿದೆ.

@ಹೊಸಬ07
ನಂಗೆ ಅರ್ಥ ಆಗ್ತಿಲ್ಲ, 1.0.0 ಆಮೇಲೆ ಬಂದಿದ್ದಲ್ವಾ, ಫೈಲಿನ ತಾರೀಖು ನೋಡಿದ್ರೆ ಗೊತ್ತಾಗಲ್ವಾ ಆಪ್ಟ್‌ಗೆ? ಯಾಕೆ ಹಳೇದನ್ನ ಹೊಸದು ಅನ್ಕೊಳತ್ತೆ?

@ಹಳೇಟಾರ್‌ಬಾಲ್
ಹೊಸಬ ಅವ್ರೇ, ಆಪ್ಟ್ ತಾರೀಖು ನೋಡಲ್ಲ, ಬರೀ ವರ್ಷನ್ ಅಕ್ಷರಸಾಲು ನೋಡತ್ತೆ. ಡಿಪಿಕೆಜಿ (ಆಪ್ಟ್ ಕೆಳಗಿರೋ ಇನ್‌ಸ್ಟಾಲ್ ಟೂಲ್) ಅದನ್ನ ತುಂಡುತುಂಡು ಮಾಡತ್ತೆ, ಅಂಕಿ ಇಲ್ಲದ ತುಂಡು ಒಂದು, ಅಂಕಿ ಇರೋ ತುಂಡು ಒಂದು, ಹೀಗೆ ಎಡದಿಂದ ಒಂದಾದ ಮೇಲೊಂದು ಹೋಲಿಸ್ತಾ ಹೋಗತ್ತೆ. ಅಂಕಿ ತುಂಡನ್ನ ಸಂಖ್ಯೆ ಅಂತ ನೋಡತ್ತೆ, ಅದಕ್ಕೇ 1.10 ಅನ್ನೋದು 1.9ಕ್ಕಿಂತ ದೊಡ್ಡದು, ಹತ್ತು ಒಂಬತ್ತಕ್ಕಿಂತ ದೊಡ್ಡದು ಅಷ್ಟೇ. ಇಲ್ಲಿ ಮೊದಲನೇ ಅಂಕಿ ತುಂಡಲ್ಲೇ ಎರಡು ಕೋಟಿ ಚಿಲ್ಲರೆ ಒಂದು ಕಡೆ, ಒಂದು ಇನ್ನೊಂದು ಕಡೆ. ಆಟ ಅಲ್ಲೇ ಮುಗೀತು, ಮುಂದಿನ ಚುಕ್ಕಿ ಸೊನ್ನೆ ಯಾವುದೂ ಲೆಕ್ಕಕ್ಕೇ ಬರಲ್ಲ.

ಲಾಗ್‌ಓದುಗ ಅವ್ರೇ, ನಿಮ್ಮ ಪ್ರಶ್ನೆಗೆ ಬರ್ತೀನಿ. ನಿಮ್ಮ ಕೇಸಲ್ಲಿ ಎಪಾಕೇ ಸರಿ. ಯಾಕೆ ಅಂತ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಈ ಉತ್ತರ ಓದಿ ನಾಳೆ ಇನ್ಯಾರೋ ಬೇಡದ ಕಡೆ ಎಪಾಕ್ ಹಾಕಬಾರದು.

ಹಿಂದಕ್ಕೆ ಹೋಗೋ ವರ್ಷನ್‌ಗೆ ಎರಡು ದಾರಿ ಇದೆ. ಒಂದು ಎಪಾಕ್, ಇನ್ನೊಂದು +ರಿಯಲಿ ಅನ್ನೋ ಪದ್ಧತಿ, ಅಂದ್ರೆ ದೊಡ್ಡ ನಂಬರ್ ಮುಂದೆ ಇಟ್ಟು ಒಳಗಿರೋ ಅಸಲಿ ವರ್ಷನ್ನ ಅದರ ಹಿಂದೆ ಬರೆಯೋದು. 2024ರ ಮಾರ್ಚಲ್ಲಿ ಎಕ್ಸ್‌ಜೆಡ್ ಅನ್ನೋ ಫೈಲ್ ಕುಗ್ಗಿಸೋ ಟೂಲ್‌ನ 5.6.0, 5.6.1 ಎರಡರಲ್ಲೂ ಹಿಂಬಾಗಿಲು ಸಿಕ್ತಲ್ಲ, ಆಗ ಡೆಬಿಯನ್‌ನವರು ಒಳಗಡೆ ಕೋಡನ್ನ 5.4.5ಕ್ಕೆ ವಾಪಸ್ ಒಯ್ದು ವರ್ಷನ್ ಮಾತ್ರ 5.6.1+ರಿಯಲಿ5.4.5-1 ಅಂತ ಇಟ್ರು. ನೋಡಿ ಎಷ್ಟು ಅಚ್ಚುಕಟ್ಟು, ಕೆಟ್ಟ 5.6.1 ಇದ್ದ ಪ್ರತಿಯೊಂದು ಮಷೀನಿಗೂ ಇದು ಅಪ್‌ಗ್ರೇಡ್ ಅಂತಲೇ ಕಾಣತ್ತೆ, ಸಾಮಾನ್ಯ ಅಪ್‌ಡೇಟಲ್ಲೇ ಇಳಿಯತ್ತೆ, ಮುಂದೆ ಅಪ್‌ಸ್ಟ್ರೀಮಲ್ಲಿ 5.6.2 ಬಂದ ದಿನ ಈ ವಕ್ರ ವರ್ಷನ್ ತಾನಾಗೇ ಹಿಂದೆ ಬೀಳತ್ತೆ, ಯಾವ ಕುರುಹೂ ಉಳಿಯಲ್ಲ. ಅಂದ್ರೆ ಅಪ್‌ಸ್ಟ್ರೀಮ್ ಒಂದಲ್ಲ ಒಂದು ದಿನ ಆ ನಂಬರನ್ನ ದಾಟತ್ತೆ ಅನ್ನೋ ಕಡೆ ಇದು ಸರಿ. ನಿಮ್ಮ ಟೂಲ್ 1.0.0ಯಿಂದ ಹೊರಟು ಎರಡು ಕೋಟಿ ದಾಟೋದು ಯಾವ ಕಾಲಕ್ಕೂ ಇಲ್ಲ, ಜೀವಮಾನ ಪೂರ್ತಿ 20231102+ರಿಯಲಿ1.0.0, 20231102+ರಿಯಲಿ1.0.1 ಅಂತ ಎಳೀತಾ ಇರ್ಬೇಕಾಗತ್ತೆ. ನಂಬರ್ ಹಾಕೋ ಪದ್ಧತಿಯೇ ಬದಲಾದಾಗ ಬಳಸ್ಲಿ ಅಂತಲೇ ಎಪಾಕ್ ಇರೋದು, ನಿಮಗಾಗಿರೋದೂ ಅದೇ.

@ಹೊಸಬ07
ಓ ಸರಿ ಸರ್. ಹಾಗಾದ್ರೆ ಎಪಾಕ್ ಕಂಡ್ರೆ ಎಲ್ರೂ ಯಾಕೆ ಅಷ್ಟು ಹೆದರ್ತಾರೆ? ಮುಂದೆ ಒಂದು 1: ಅಂತ ಬರತ್ತೆ, ಅಷ್ಟೇ ಅಲ್ವಾ, ನೋಡಕ್ಕೆ ಚೆನ್ನಾಗಿಲ್ಲ ಅಂತಾನಾ?

@ಹಳೇಟಾರ್‌ಬಾಲ್
ಚಂದದ ಪ್ರಶ್ನೆ ಅಲ್ಲ ಅದು. ನಿಮ್ಮ ಪ್ಯಾಕೇಜನ್ನ ನಂಬ್ಕೊಂಡಿರೋ ಬೇರೆ ಪ್ಯಾಕೇಜ್‌ಗಳ ಕಥೆ. ಇನ್ನೊಬ್ರು ಯಾರೋ ತಮ್ಮ ಕಂಟ್ರೋಲ್ ಫೈಲಲ್ಲಿ (ಪ್ಯಾಕೇಜಿಗೆ ಏನೇನು ಬೇಕು ಅಂತ ಬರೆಯೋ ಫೈಲ್) ಈ ಟೂಲ್ 1.2 ಅಥವಾ ಅದಕ್ಕಿಂತ ಹೊಸದು ಬೇಕು ಅಂತ ಬರೀತಾರೆ ಅನ್ಕೊಳ್ಳಿ, ಅಪ್‌ಸ್ಟ್ರೀಮ್ ಡಾಕ್ಯುಮೆಂಟಲ್ಲಿ 1.2 ಅಂತಲೇ ಇರತ್ತಲ್ಲ, ಎಪಾಕ್ ವಿಷಯ ಅವರಿಗೆ ಹೇಗೆ ಗೊತ್ತಾಗ್ಬೇಕು. ಎಪಾಕ್ ಬರೀದಿದ್ರೆ ಸೊನ್ನೆ ಅಂತ ಲೆಕ್ಕ. ಈಗ ಮಷೀನಲ್ಲಿ 1:1.0.0 ಇದೆ, ಅವರು ಕೇಳಿದ್ದು 0:1.2, ಎಪಾಕ್ ಒಂದು ಸೊನ್ನೆಗಿಂತ ದೊಡ್ಡದು, ಷರತ್ತು ಪೂರೈಸ್ತು ಅಂತ ಡಿಪಿಕೆಜಿ ಒಪ್ಕೊಂಡ್ಬಿಡತ್ತೆ. ಇನ್‌ಸ್ಟಾಲ್ ಆಗತ್ತೆ, ಓಡಿಸಿದಾಗ 1.2ರಲ್ಲಿ ಬಂದ ಆಯ್ಕೆ ಇಲ್ಲ ಅಂತ ಬೀಳತ್ತೆ. ಅದೇ ಅವರು 2.0ಗಿಂತ ಕಮ್ಮಿ ಇರ್ಬೇಕು ಅಂತ ಬರೆದಿದ್ರೆ ಉಲ್ಟಾ, ಯಾವತ್ತೂ ಇನ್‌ಸ್ಟಾಲೇ ಆಗಲ್ಲ. ಎರಡನೇದು ವಾಸಿ, ಕೂಗಿ ಹೇಳತ್ತೆ. ಮೊದಲನೇದು ಬಾಯಿ ಮುಚ್ಕೊಂಡು ಕೂತಿರತ್ತೆ.

ಇನ್ನೊಂದು, ಡೆಬ್ ಫೈಲಿನ ಹೆಸರಲ್ಲಿ ಎಪಾಕ್ ಇರಲ್ಲ. 1.0.0-1 ಮತ್ತು 1:1.0.0-1 ಎರಡಕ್ಕೂ ಫೈಲ್ ಹೆಸರು ಒಂದೇ ಆಗತ್ತೆ. ಲಾಗ್‌ಓದುಗ ಅವ್ರೇ, ನೀವು ಆಗ್ಲೇ 1.0.0-1 ಅಂತ ಒಂದು ಫೈಲ್ ರೆಪೊಗೆ ಹಾಕಿದೀರಿ, ದಯವಿಟ್ಟು ಅದರ ಮೇಲೇ ಬರೀಬೇಡಿ. 1:1.0.0-2 ಅಂತ ಮಾಡಿ. ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ಫೈಲ್ ಆಯ್ತು ಅಂದ್ರೆ ಕ್ಯಾಶ್ ಇಟ್ಕೊಂಡಿರೋ ಕಡೆ ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸೋ ಲೆಕ್ಕ) ಹೊಂದಲ್ಲ.

ಡೆಬಿಯನ್ ಒಳಗಡೆ ಎಪಾಕ್ ಹೆಚ್ಚಿಸೋಕೆ ಮುಂಚೆ ಡೆವಲ್ ಅನ್ನೋ ಮೇಲ್ ಪಟ್ಟಿಯಲ್ಲಿ ಕೇಳಿ ಒಪ್ಪಿಗೆ ತಗೋಬೇಕು ಅನ್ನೋ ನಿಯಮ ಇರೋದೂ ಇದಕ್ಕೇ. ನಿಮ್ಮದು ಸ್ವಂತ ರೆಪೊ, ಯಾರ್ನೂ ಕೇಳ್ಬೇಕಾಗಿಲ್ಲ, ಆದ್ರೂ ನಂಬ್ಕೊಂಡಿರೋವ್ರಿಗೆ ಒಂದು ಮಾತು ಹೇಳಿ.

@ಸ್ಪೆಕ್‌ಫೈಲ್
ನಾ ಆರ್‌ಪಿಎಂ (ಫೆಡೋರಾದಂಥಾ ಲಿನಕ್ಸ್‌ನ ಪ್ಯಾಕೇಜ್ ಪದ್ಧತಿ) ಕಡೆಯಾಂವ, ನಮ್ಮ ಕಡೆನೂ ಎಪಾಕ್ ಅಂದ್ರ ಇದ ಕಥಿ ನೋಡ್ರಿ, ಒಮ್ಮೆ ಹಾಕಿದ್ರ ಸಾಯೂತನಕ ಜೋಡಿ ಬರ್ತದ. ಆದ್ರ ನಾ ಹೇಳಬೇಕಂತ ಬಂದಿದ್ದು ಬ್ಯಾರೆ. ಈ ತ್ರಾಸು ಶುರು ಆಗಿದ್ದು ಈಗ ಅಲ್ಲ, ಎರಡು ವರ್ಷದ ಹಿಂದ, 20230815 ಅಂತ ಮೊದಲನೇ ಸಲ ಬರದಾಗ. ಅಪ್‌ಸ್ಟ್ರೀಮ್‌ಗೆ ಇನ್ನೂ ನಂಬರ್ ಇಲ್ಲಂದ್ರ ಅದಕ್ಕ ಎಲ್ಲಕಿಂತ ಕೆಳಗಿನ ನಂಬರ್ ಕೊಡ್ರಿ, 0~20230815 ಅಂತ. ನಾಳೆ ಅವ್ರು 0.0.1 ಅಂತ ಶುರು ಮಾಡಿದ್ರೂ ನಿಮ್ಮದು ಅದಕ್ಕಿಂತ ಕೆಳಗ ಇರ್ತದ. ಟಿಲ್ಡ (~) ಚಿಹ್ನೆ ಆರ್‌ಪಿಎಂ 4.10ರಿಂದ ನಮ್ಮ ಕಡೆನೂ ನಡೀತದ, ಅದರ ಅರ್ಥ ಏನೂ ಇಲ್ಲದ್ದಕ್ಕಿಂತಾನೂ ಮದಲು ಅಂತ. 1.0~ಆರ್‌ಸಿ1 (ಆರ್‌ಸಿ, ಫೈನಲ್‌ಕಿಂತ ಮದಲಿನ ಪರೀಕ್ಷೆ ರಿಲೀಸ್) ಅಂದ್ರ 1.0ಕಿಂತ ಹಳೇದು. ಟಿಲ್ಡ ಬಿಟ್ಟು 1.0ಆರ್‌ಸಿ1 ಅಂತ ಬರದ್ರೋ, ಅದು 1.0ಕಿಂತ ಹೊಸದಾಗಿ ಕುಂದರ್ತದ, ಫೈನಲ್ 1.0 ಬಂದಾಗ ಯಾರಿಗೂ ಮುಟ್ಟೂದಿಲ್ಲ.

4.15ರಿಂದ ಇನ್ನೊಂದು ಚಿಹ್ನೆ ಬಂದದ, ಕ್ಯಾರೆಟ್ ಅಂತಾರ. 1.0^20240105 ಅಂದ್ರ 1.0 ಆದಮ್ಯಾಲ ಗಿಟ್‌ನಿಂದ (ಕೋಡ್ ಬದಲಾವಣೆ ದಾಖಲೆ ಇಡೂ ಟೂಲ್) ಎತ್ತಿದ್ದು, 1.0ಕಿಂತ ಹೊಸದು, 1.0.1ಕಿಂತ ಹಳೇದು. ಭಾಳ ಉಪಯೋಗ ಆಗ್ತದ್ರಿ ಇದು.

@ಹಳೇಟಾರ್‌ಬಾಲ್
ಸ್ಪೆಕ್‌ಫೈಲ್ ಅವ್ರು ಹೇಳಿದ್ದು ಬಂಗಾರದಂಥ ಮಾತು. ಡೆಬಿಯನಲ್ಲಿ ಕ್ಯಾರೆಟ್ ಇಲ್ಲ, ಅದರ ಜಾಗದಲ್ಲಿ ಪ್ಲಸ್ ಬಳಸ್ತೀವಿ, 1.0+ಗಿಟ್20240105 ಅಂತ. ಪ್ಲಸ್ ಚಿಹ್ನೆ ಚುಕ್ಕಿಗಿಂತ ಮುಂಚೆ ಬರತ್ತೆ, ಹಾಗಾಗಿ 1.0.1 ಬಂದಾಗ ಸರಿಯಾಗಿ ದಾಟತ್ತೆ. ಗಿಟ್ ಕಮಿಟ್ ಹ್ಯಾಶ್ (ಪ್ರತಿ ಬದಲಾವಣೆಗೆ ಸಿಗೋ ಅಕ್ಷರ-ಅಂಕಿ ಗುರುತು) ಹಾಕೋದಾದ್ರೆ ತಾರೀಖು ಆದ್ಮೇಲೆ ಹಾಕಿ, ಮೊದಲು ಹಾಕಬೇಡಿ. ಹ್ಯಾಶ್‌ಗೆ ಹಿಂದೆ ಮುಂದೆ ಅನ್ನೋದಿಲ್ಲ, ಇವತ್ತಿನ ಹ್ಯಾಶ್ ನಿನ್ನೆಯದಕ್ಕಿಂತ ಚಿಕ್ಕದಾಗಿ ಬಂದ್ರೆ ಅಪ್‌ಡೇಟ್ ನಿಂತೋಗತ್ತೆ, ಅದೂ ಒಂದ್ಸಲ ನಿಲ್ಲತ್ತೆ ಒಂದ್ಸಲ ಹೋಗತ್ತೆ, ಹುಡುಕಿ ಹುಡುಕಿ ಸಾಕಾಗತ್ತೆ.

@ಚಕ್ರ_ಪೈ
ಇಲ್ಲಿ ಒಂದು ವಿಷಯ ಸೇರಿಸ್ಲಾ. ಈ ಹೋಲಿಕೆ ನಿಯಮ ಎಲ್ಲಾ ಕಡೆ ಒಂದೇ ಅಲ್ಲ, ಇದರಿಂದಲೇ ಜಾಸ್ತಿ ಜನ ಎಡವೋದು. ಆರ್ಚ್ ಲಿನಕ್ಸ್‌ನ ಪ್ಯಾಕೇಜ್ ಟೂಲ್ ಪ್ಯಾಕ್‌ಮ್ಯಾನಲ್ಲಿ 1.0ಆರ್‌ಸಿ ಅಂದ್ರೆ ಟಿಲ್ಡ ಇಲ್ಲದೇನೂ 1.0ಗಿಂತ ಹಳೇದು. ಅಲ್ಲಿ ಪ್ಯಾಕೇಜ್ ಮಾಡಿ ರೂಢಿ ಆದವರು ಡೆಬಿಯನ್‌ಗೆ ಬಂದು ಹಾಗೇ ಬರೀತಾರೆ, ಉಲ್ಟಾ ಆಗತ್ತೆ. ಗ್ನೋಮ್ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್‌ನವರು 2021ರಲ್ಲಿ 3.38 ಆದ್ಮೇಲೆ ಸೀದಾ 40ಕ್ಕೆ ಹಾರಿದ್ರಲ್ಲ, ಆಗಿಂದ ಅವರ ಪ್ರಯೋಗದ ರಿಲೀಸ್‌ಗಳ ಹೆಸರು 40.ಆಲ್ಫಾ, 40.ಬೀಟಾ ಅಂತ. ಇದನ್ನ 40.0 ಜೊತೆ ಇಟ್ಟು ನೋಡಿ. ಆರ್‌ಪಿಎಂ ಪ್ರಕಾರ ಅಂಕಿ ತುಂಡು ಯಾವಾಗ್ಲೂ ಅಕ್ಷರದ ತುಂಡಿಗಿಂತ ಹೊಸದು, ಹಾಗಾಗಿ 40.0 ಗೆಲ್ಲತ್ತೆ, ಸರಿಯಾಯ್ತು. ಡಿಪಿಕೆಜಿಯಲ್ಲಿ ಅಂಕಿ ಇಲ್ಲದ ತುಂಡು ಮೊದಲು, ಒಂದು ಕಡೆ ಬರೀ ಚುಕ್ಕಿ, ಇನ್ನೊಂದು ಕಡೆ ಚುಕ್ಕಿ ಜೊತೆ ಆಲ್ಫಾ, ಉದ್ದ ಇರೋದೇ ದೊಡ್ಡದು, 40.ಆಲ್ಫಾ ಗೆಲ್ಲತ್ತೆ. ಒಂದೇ ಅಕ್ಷರಸಾಲು, ಎರಡು ಕಡೆ ಎರಡು ತೀರ್ಪು! ಡೆಬಿಯನಲ್ಲಿ ಅದನ್ನ 40~ಆಲ್ಫಾ ಅಂತ ತಿದ್ದಲೇಬೇಕು.

ಪೈಥಾನ್ ಕಡೆ ಪೆಪ್ 440 ಅಂತ ಬರೆದಿಟ್ಟ ನಿಯಮ ಇದೆ, 1.0.ಡೆವ್1, ಆಮೇಲೆ 1.0ಎ1, 1.0ಬಿ1, 1.0ಆರ್‌ಸಿ1, 1.0, ಕೊನೆಗೆ 1.0.ಪೋಸ್ಟ್1. ಅಲ್ಲೂ ಎಪಾಕ್ ಇದೆ, ಕೋಲನ್ ಬದಲು ಆಶ್ಚರ್ಯಸೂಚಕ, 1!1.0 ಅಂತ ಬರೀತಾರೆ. ಸೆಮ್‌ವರಲ್ಲಿ ಪ್ಲಸ್ ಆದ್ಮೇಲೆ ಬರೋದನ್ನ ಹೋಲಿಕೆಗೆ ತಗೊಳ್ಳೋದೇ ಇಲ್ಲ, 1.0.0+5 ಮತ್ತು 1.0.0+7 ಎರಡೂ ಸಮ. ಡಿಪಿಕೆಜಿಗೆ ಅವೆರಡೂ ಬೇರೆ ಬೇರೆ. ಸೆಮ್‌ವರಿನ 1.0.0-ಆರ್‌ಸಿ.1ರಲ್ಲಿ ಇರೋ ಅಡ್ಡಗೆರೆನೂ ಹಾಗೇ ತರಕ್ಕಾಗಲ್ಲ, ಡೆಬಿಯನಲ್ಲಿ ಕೊನೇ ಅಡ್ಡಗೆರೆ ಆದ್ಮೇಲೆ ಇರೋದೆಲ್ಲ ಪ್ಯಾಕೇಜ್ ರಿವಿಷನ್ ಅಂತ ಲೆಕ್ಕ, ಆರ್‌ಪಿಎಂ ವರ್ಷನ್ ಜಾಗದಲ್ಲಂತೂ ಅಡ್ಡಗೆರೆಗೆ ಪ್ರವೇಶವೇ ಇಲ್ಲ.

@ಹೊಸಬ07
ಮೇಡಂ ಇದನ್ನೆಲ್ಲ ನೆನಪಿಟ್ಕೊಳ್ಳೋದು ಹೇಗೆ, ನಂಗೆ ಓದ್ತಾನೇ ತಲೆ ತಿರುಗ್ತಿದೆ.

@ಚಕ್ರ_ಪೈ
ನೆನಪಿಟ್ಕೋಬೇಡಿ, ಮಷೀನ್‌ನೇ ಕೇಳಿ. ಡಿಪಿಕೆಜಿಗೆ ಕಂಪೇರ್-ವರ್ಷನ್ಸ್ ಅನ್ನೋ ಆಯ್ಕೆ ಇದೆ, ಎರಡು ವರ್ಷನ್ ಮಧ್ಯ ಎಲ್‌ಟಿ ಅಂತ ಕೊಟ್ರೆ ಮೊದಲನೇದು ಚಿಕ್ಕದಾ ಅಂತ ನೋಡತ್ತೆ. ಒಂದು ಗಮನಿಸಿ, ಅದು ಪರದೆ ಮೇಲೆ ಏನೂ ಬರಿಯಲ್ಲ, ಎಕ್ಸಿಟ್ ಕೋಡಲ್ಲಿ ಮಾತ್ರ ಉತ್ತರ, ನಿಜ ಆದ್ರೆ ಸೊನ್ನೆ, ಸುಳ್ಳಾದ್ರೆ ಒಂದು. ಕಮಾಂಡ್ ಹೊಡೆದು ಏನೂ ಬರ್ಲಿಲ್ಲ ಅಂತ ಎಷ್ಟೋ ಜನ ಬಿಟ್ಬಿಡ್ತಾರೆ. ಕೊನೆಗೆ ಎಕೋ (ಪರದೆ ಮೇಲೆ ಬರೆಯೋ ಕಮಾಂಡ್) ಸೇರಿಸಿ ಹೌದು ಅಂತ ಬರೋ ಹಾಗೆ ಮಾಡ್ಕೊಳ್ಳಿ. ಫೆಡೋರಾದಲ್ಲಿ ಆರ್‌ಪಿಎಂಡೆವ್-ವರ್‌ಸಿಎಂಪಿ ಇದೆ, ಆರ್ಚಲ್ಲಿ ವರ್‌ಸಿಎಂಪಿ.

ನಾನು ಪ್ರತೀ ಅಪ್‌ಲೋಡ್‌ಗೆ ಮುಂಚೆ ಎರಡು ಹೋಲಿಕೆ ಓಡಿಸ್ತೀನಿ. ಈಗ ರೆಪೊದಲ್ಲಿ ಇರೋದಕ್ಕಿಂತ ಹೊಸದು ದೊಡ್ಡದಾ, ಇದು ಎಲ್ರೂ ಮಾಡ್ತಾರೆ. ಎರಡನೇದು, ಮುಂದೆ ಬರಬಹುದಾದ ವರ್ಷನ್‌ಗಿಂತ ಇದು ಚಿಕ್ಕದಾ. 1.1ರ ಬೀಟಾ ಹಾಕ್ತಿದ್ರೆ ಅದು 1.1ಗಿಂತ ಚಿಕ್ಕದಿರ್ಬೇಕಲ್ಲ, ಅದನ್ನ ಇವತ್ತೇ ನೋಡ್ಬೇಕು. ಎರಡೂ ಹೋಲಿಕೆ ಬಿಲ್ಡ್ ಸ್ಕ್ರಿಪ್ಟಲ್ಲೇ ಹಾಕಿದೀನಿ, ಒಂದು ತಪ್ಪಿದ್ರೂ ಬಿಲ್ಡ್ ನಿಲ್ಲತ್ತೆ.

@ಕರ್ನಲ್‌ಕಾವಲು
ಚಕ್ರ ಅವ್ರು ಹೇಳಿದ ಎರಡನೇ ಹೋಲಿಕೆಗೆ ನನ್ನದೂ ಒಂದು ಓಟು. ನಂಬರ್ ಎಷ್ಟು ಬೆಳೆಯಬಹುದು ಅಂತ ಯಾರೂ ಯೋಚನೆ ಮಾಡಿರಲ್ಲ, ಬೆಳೆದ ದಿನ ಮುರಿಯತ್ತೆ. ಲಿನಕ್ಸ್ ಕರ್ನಲ್ 4.4 ಮತ್ತು 4.9 ಸಾಲುಗಳು 2021ರ ಫೆಬ್ರವರಿಯಲ್ಲಿ 256ನೇ ಪಾಯಿಂಟ್ ರಿಲೀಸ್ ಮುಟ್ಟಿದ್ವು. ಕರ್ನಲ್ ಒಳಗೆ ವರ್ಷನ್ ನಂಬರನ್ನ ಒಂದೇ ಸಂಖ್ಯೆಗೆ ಕಟ್ಟುವಾಗ ಕೊನೇ ಭಾಗಕ್ಕೆ ಎಂಟು ಬಿಟ್ ಮಾತ್ರ ಜಾಗ, 255 ತನಕ ಸರಿ. 4.4.256 ಅಂತ ಕಟ್ಟಿದ್ರೆ ಅದು ಪಕ್ಕಕ್ಕೆ ಉಕ್ಕಿ 4.5.0 ಅಂತ ಓದ್ಕೊಳತ್ತೆ, ಆ ಸಂಖ್ಯೆ ನೋಡಿ ತೀರ್ಮಾನ ತಗೊಳ್ಳೋ ಪ್ರೋಗ್ರಾಮ್‌ಗಳೆಲ್ಲ ಬೇರೆ ಕರ್ನಲ್ ಅನ್ಕೊಳತ್ವೆ. ಕೊನೆಗೆ ಆ ಭಾಗವನ್ನ 255ಕ್ಕೆ ನಿಲ್ಲಿಸಿದ್ರು.

ಪೈಥಾನ್ 3.10 ಬಂದಾಗ್ಲೂ ಅದೇ. ಯಾಮಲ್ (ಸೆಟ್ಟಿಂಗ್ ಬರೆಯೋ) ಫೈಲಲ್ಲಿ ಉದ್ಧರಣ ಚಿಹ್ನೆ ಇಲ್ಲದೆ 3.10 ಅಂತ ಬರೆದ್ರೆ ಅದನ್ನ ದಶಮಾಂಶ ಸಂಖ್ಯೆ ಅಂತ ಓದಿ 3.1 ಮಾಡತ್ತೆ. ಸಿಐ (ತಾನಾಗೇ ಬಿಲ್ಡ್, ಪರೀಕ್ಷೆ ಮಾಡೋ ವ್ಯವಸ್ಥೆ) ಹೋಗಿ 3.1 ಹುಡುಕತ್ತೆ, ಸಿಗಲ್ಲ. ವರ್ಷನ್ ಅಂದ್ರೆ ಸಂಖ್ಯೆ ಅಲ್ಲ, ಚುಕ್ಕಿ ಇಟ್ಟ ಪಟ್ಟಿ. ಇದನ್ನ ಯಾವ ಫೈಲಲ್ಲಿ ಬರೆದ್ರೂ ಉದ್ಧರಣ ಚಿಹ್ನೆ ಒಳಗೆ ಬರೀರಿ.

@ಹಳೇಟಾರ್‌ಬಾಲ್
ಇದಕ್ಕೆ ಉಲ್ಟಾ ಪರ್ಲ್ ಮಾಡ್ಯೂಲ್‌ಗಳು. ಅಲ್ಲಿ ಬಹಳಷ್ಟು ಕಡೆ ವರ್ಷನ್ ನಿಜವಾಗ್ಲೂ ದಶಮಾಂಶವೇ. 1.19 ಆದ್ಮೇಲೆ 1.2 ಅಂತ ಬಿಡ್ತಾರೆ, ಅವರ ಲೆಕ್ಕದಲ್ಲಿ ಅದು 1.20. ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು ಎರಡಕ್ಕಿಂತ ದೊಡ್ಡದು, ಅಪ್‌ಡೇಟ್ ನಿಲ್ಲತ್ತೆ. ಪ್ಯಾಕೇಜ್ ಮಾಡುವಾಗ ಸೊನ್ನೆ ತುಂಬಿ 1.20 ಅಂತ ಮಾಡ್ಕೋಬೇಕು.

ಮತ್ತೆ ಒಂದು ಇತಿಹಾಸ ಹೇಳ್ತೀನಿ, ಚಿಕ್ಕದು. ಡೆಬಿಯನ್ ಸ್ಥಿರ ಬಿಡುಗಡೆಯ ಸೆಕ್ಯುರಿಟಿ ಅಪ್‌ಡೇಟ್‌ಗಳಿಗೆ ಮುಂಚೆ ಬಿಡುಗಡೆಯ ಹೆಸರನ್ನೇ ಸೇರಿಸ್ತಿದ್ರು, +ಲೆನ್ನಿ1, +ಸ್ಕ್ವೀಜ್1 ಅಂತ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಲೆನ್ನಿ ಮೊದಲು, ಸ್ಕ್ವೀಜ್ ಆಮೇಲೆ, ವೀಜಿ ಅದಕ್ಕೂ ಆಮೇಲೆ, ಅಲ್ಲೀವರೆಗೆ ಸರಿ. ವೀಜಿ ಆದ್ಮೇಲೆ ಬಂದ ಬಿಡುಗಡೆ ಜೆಸ್ಸಿ, ಅಕ್ಷರಮಾಲೆಯಲ್ಲಿ ಹಿಂದಕ್ಕೆ! ಹೆಸರನ್ನೇ ಮುಂದುವರೆಸಿದ್ರೆ ಹಳೇ ಬಿಡುಗಡೆ ಪ್ಯಾಕೇಜೇ ಹೊಸದಾಗಿ ಕಾಣ್ತಿತ್ತು. ಈಗ +ಡೆಬ್12ಯು1 ಅಂತ ಅಂಕಿ ಬಳಸ್ತಾರೆ, ಅಂಕಿ ಹಿಂದಕ್ಕೆ ಹೋಗಲ್ಲ. ಬ್ಯಾಕ್‌ಪೋರ್ಟಿಗೆ (ಹೊಸ ವರ್ಷನ್ನ ಹಳೇ ಬಿಡುಗಡೆಗೆ ತರೋದು) ~ಬಿಪಿಒ12+1, ಅಲ್ಲಿ ಟಿಲ್ಡ ಇದೆ ಗಮನಿಸಿ, 1.2-3~ಬಿಪಿಒ12+1 ಅಂದ್ರೆ ಅಸಲಿ 1.2-3ಗಿಂತ ಒಂದು ಕೂದಲೆಳೆ ಕೆಳಗೆ, ಬಳಕೆದಾರರು ಮುಂದಿನ ಬಿಡುಗಡೆಗೆ ಹೋದಾಗ ಅಸಲಿ ಪ್ಯಾಕೇಜ್ ಬಂದು ಕೂರ್ಲಿ ಅಂತ.

@ಸ್ಪೆಕ್‌ಫೈಲ್
ಅಪ್‌ಸ್ಟ್ರೀಮ್‌ನವ್ರಿಗೂ ಒಂದು ವಿನಂತಿ ಹಾಕ್ತೀನ್ರಿ ಇಲ್ಲೇ. ಬಿಟ್ಟ ಟ್ಯಾಗ್ ಮತ್ತ ಎತ್ತಿ ಬ್ಯಾರೆ ಕಮಿಟ್ ಮ್ಯಾಲ ಇಡಬ್ಯಾಡ್ರಿ. ಹೋದ ವರ್ಷ ಒಂದು ಪ್ರಾಜೆಕ್ಟ್‌ನವ್ರು ಸಂಜೀಗೆ 2.3.1 ಬಿಟ್ರು, ನಾ ರಾತ್ರಿ ಬಿಲ್ಡ್ ಮಾಡಿ ಕಳಿಸಿದೆ, ಮುಂಜಾನೆ ಎದ್ದು ಒಂದು ಸಣ್ಣ ತಪ್ಪು ಕಂಡದ ಅಂತ ಅದ ಟ್ಯಾಗಿಗೆ ಹೊಸ ಟಾರ್‌ಬಾಲ್ ಹಾಕಿಬಿಟ್ರು. ನಮ್ಮ ಕಡೆ ಚೆಕ್‌ಸಮ್ ಕೂಡವಲ್ದು. ಯಾರೋ ನಡುವ ಕೈ ಹಾಕ್ಯಾರೋ, ಇವ್ರ ಬದಲಿ ಮಾಡ್ಯಾರೋ ಅಂತ ತಿಳೀಲಿಕ್ಕೆ ಅರ್ಧ ದಿನ ಸಾಲು ಸಾಲು ಡಿಫ್ ಓದಿದೆ. 2.3.2 ಅಂತ ಬಿಟ್ಟಿದ್ರ ಎರಡು ನಿಮಿಷದ ಕೆಲಸ ಆಗ್ತಿತ್ತು. ನಂಬರಿಗೇನೂ ಬರ ಇಲ್ಲಲ್ರಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ಲ, ರಿಲೀಸೂ ಹಂಗ.

@ಚಕ್ರ_ಪೈ
ಪೈಪಿಐಯಲ್ಲಿ (ಪೈಥಾನ್ ಪ್ಯಾಕೇಜ್ ಭಂಡಾರ) ಅದಕ್ಕೆ ಅವಕಾಶವೇ ಇಲ್ಲ, ಒಂದ್ಸಲ ಹಾಕಿದ ಫೈಲಿನ ಹೆಸರಲ್ಲಿ ಅಳಿಸಿ ಮತ್ತೆ ಹಾಕಕ್ಕೆ ಬಿಡಲ್ಲ. ತಪ್ಪಾದ್ರೆ ಯಾಂಕ್ ಮಾಡ್ಬೇಕು, ಅಂದ್ರೆ ಫೈಲ್ ಅಲ್ಲೇ ಇರತ್ತೆ, ಆ ನಿರ್ದಿಷ್ಟ ವರ್ಷನ್ನೇ ಬೇಕು ಅಂತ ಕಟ್ಕೊಂಡಿರೋವ್ರಿಗೆ ಮಾತ್ರ ಸಿಗತ್ತೆ, ಹೊಸಬರಿಗೆ ಇಳಿಯಲ್ಲ. ಎನ್‌ಪಿಎಮ್‌ನಲ್ಲೂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರ) ತೆಗೆದ ವರ್ಷನ್ ನಂಬರನ್ನ ಮತ್ತೆ ಬಳಸೋ ಹಾಗಿಲ್ಲ. ಶುರುವಲ್ಲಿ ಇದು ನಂಗೆ ಕಿರಿಕಿರಿ ಅನ್ನಿಸ್ತಿತ್ತು, ಸ್ಪೆಕ್‌ಫೈಲ್ ಅವ್ರ ಅರ್ಧ ದಿನದ ಕಥೆ ಕೇಳಿದ್ಮೇಲೆ ಅದೇ ಸರಿ ಅನ್ನಿಸ್ತಿದೆ.

@ಲಾಗ್‌ಓದುಗ
ಎಲ್ರಿಗೂ ತುಂಬಾ ಥ್ಯಾಂಕ್ಸ್, ನಾಲ್ಕು ದಿನ ಆಯ್ತು, ಏನು ಮಾಡಿದೆ ಅಂತ ಹೇಳ್ತೀನಿ.

ಮೊದಲು ಅಪ್‌ಸ್ಟ್ರೀಮ್ ಅವ್ರಿಗೆ ಬರೆದು ಕೇಳಿದೆ, ಇನ್ಮುಂದೆ ಸೆಮ್‌ವರ್ ಬಿಟ್ಟು ಮತ್ತೆ ತಾರೀಖಿಗೆ ಹೋಗಲ್ಲ ತಾನೇ ಅಂತ. ಹೋದ್ರೆ ಎಪಾಕ್ ಹಾಕಿದ್ದು ವ್ಯರ್ಥ ಆಗ್ತಿತ್ತು. ಹೋಗಲ್ಲ ಅಂದ್ರು, ತಮ್ಮ ರೀಡ್‌ಮಿಯಲ್ಲೂ ಬರೆದ್ರು. ಆಮೇಲೆ ನಮ್ಮ ರೆಪೊದಲ್ಲಿ ಈ ಟೂಲನ್ನ ನಂಬಿರೋ ಪ್ಯಾಕೇಜ್ ಹುಡುಕಿದೆ, ಎರಡಿದ್ವು. ಒಂದರಲ್ಲಿ 20230815 ಅಥವಾ ಹೊಸದು ಅಂತಿತ್ತು, ಎಪಾಕ್ ಬಂದ್ರೂ ಅದು ಸರಿಹೋಗತ್ತೆ. ಇನ್ನೊಂದರ ಮೇಂಟೇನರ್ ಆಗ್ಲೇ 1.0.0 ನೋಡಿ 1.0 ಅಥವಾ ಹೊಸದು ಅಂತ ಬದಲಾಯಿಸಿಟ್ಟಿದ್ರು. ಹಳೇಟಾರ್‌ಬಾಲ್ ಸರ್ ಹೇಳಿದ್ದು ಅಲ್ಲೇ ಕಣ್ಣಿಗೆ ಬಿತ್ತು, 20230815 ಇದ್ದ ಮಷೀನಲ್ಲೂ ಆ ಷರತ್ತು ಪಾಸ್ ಆಗ್ತಿತ್ತು, ಆ ಪ್ಯಾಕೇಜಿಗೆ ಬೇಕಾದ ಫಂಕ್ಷನ್ ಮಾತ್ರ ಅದರಲ್ಲಿ ಇರ್ಲಿಲ್ಲ. ಅವರ ಜೊತೆ ಮಾತಾಡಿ 1:1.0.0~ ಅಂತ ಮಾಡಿಸ್ದೆ.

1:1.0.0-2 ನಿನ್ನೆ ಹೋಯ್ತು. ಹಾಕೋಕೆ ಮುಂಚೆ ಚಕ್ರ ಮೇಡಂ ಹೇಳಿದ ಎರಡೂ ಹೋಲಿಕೆ ಓಡಿಸ್ದೆ, 20231102-1ಗಿಂತ ದೊಡ್ಡದು, 1:1.0.1-1ಗಿಂತ ಚಿಕ್ಕದು, ಎರಡೂ ಸೊನ್ನೆ ಬಂತು. ಚೇಂಜ್‌ಲಾಗಲ್ಲಿ ಎಪಾಕ್ ಯಾಕೆ ಬಂತು ಅಂತ ಮೂರು ಸಾಲು ಬರೆದಿದೀನಿ, ಇನ್ನೈದು ವರ್ಷ ಆದ್ಮೇಲೆ ಬೇರೆಯವರು ಈ ಪ್ಯಾಕೇಜ್ ತಗೊಂಡ್ರೆ ಅವರಿಗೆ ಕಾರಣ ಗೊತ್ತಾಗ್ಲಿ. ಬಗ್ ಹಾಕಿದ್ದವರು ಇವತ್ತು ಬೆಳಗ್ಗೆ ಅಪ್‌ಗ್ರೇಡ್ ಮಾಡಿ, ಸರಿಹೋಯ್ತು ಅಂತ ಬರೆದ್ರು.

ಒಂದು ಕೊನೇ ಪ್ರಶ್ನೆ. ಇದೇ ಡೆವಲಪರ್ ಇನ್ನೊಂದು ಹೊಸ ಲೈಬ್ರರಿ ಶುರು ಮಾಡಿದಾರೆ, ಅದಕ್ಕೂ ಇನ್ನೂ ಟ್ಯಾಗ್ ಇಲ್ಲ. ನಾನು 0~ಗಿಟ್20250310.1.4ಎಫ್2ಸಿ9ಎ-1 ಅಂತ ಇಡ್ಬೇಕು ಅನ್ಕೊಂಡಿದೀನಿ. ಸರೀನಾ?

@ಹಳೇಟಾರ್‌ಬಾಲ್
ಸರಿಯಾಗಿದೆ. ತಾರೀಖು ಆದ್ಮೇಲೆ ಆ .1 ಹಾಕಿದ್ದು ಒಳ್ಳೇದಾಯ್ತು, ಒಂದೇ ದಿನ ಎರಡು ಸಲ ಎತ್ಬೇಕಾಗಿ ಬಂದ್ರೆ .2 ಅಂತ ಮಾಡ್ಕೊಳ್ಳಿ. ಲೈಬ್ರರಿ ಅಂದ್ರಲ್ಲ, ಹಾಗಿದ್ರೆ ಸೋನೇಮ್ (ಬೇರೆ ಪ್ರೋಗ್ರಾಮ್‌ಗಳು ಲೈಬ್ರರಿಯನ್ನ ಹುಡುಕೋ ಹೆಸರು) ಏನು ಇಟ್ಟಿದಾರೆ ಅಂತ ಮೊದ್ಲೇ ನೋಡಿ, ಪ್ಯಾಕೇಜ್ ವರ್ಷನ್ನೇ ಬೇರೆ, ಸೋನೇಮೇ ಬೇರೆ. ಅದಕ್ಕೊಂದು ಹೊಸ ಥ್ರೆಡ್ ಹಾಕಿ, ಅಲ್ಲೇ ಮಾತಾಡೋಣ.